ಇಲಿಯ ಮೇಲಿನ ಪ್ರಯೋಗದಿಂದ ಪೇಟೆಯ ಮಾತ್ರೆಯವರೆಗೆ

ಡಿಸೈನರ್ ಡ್ರಗ್‌ಗಳು, ಅಂದರೆ ತಿಳಿದಿರುವ ಮಾದಕವಸ್ತುಗಳಂತೆಯೇ ಅಮಲೇರಿಸಲು ತಯಾರಿಸಿ ಮಾರುವ ಹೊಸ ರಾಸಾಯನಿಕಗಳು, ವಿಜ್ಞಾನಿಗಳ ಪ್ರಯೋಗಾಲಯದಲ್ಲೇ ಹುಟ್ಟುವುದಾದರೆ ಅವರೂ ತಪ್ಪಿತಸ್ಥರಲ್ಲವೆ, ಅಂಥ ಸಂಶೋಧನೆಯನ್ನು ಪ್ರಕಟಿಸುವುದನ್ನು ನಿಲ್ಲಿಸಬಾರದೆ ಎಂದು ಕೇಳಿದ್ದೀರಿ. ಎಷ್ಟೋ ಸಂಯುಕ್ತಗಳು ಅಲ್ಲಿಯೇ ಹುಟ್ಟಿದವು ಎಂಬುದು ನಿಜ. ಆದರೆ ಅವು ಅಮಲಿನ ಸರಕಾದದ್ದು ಬೇರೆಯವರ ಕೈಯಲ್ಲಿ. ಔಷಧಶಾಸ್ತ್ರವನ್ನು ಕಲಿಸುವ ನನಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಡೇವಿಡ್ ನಿಕೋಲ್ಸ್ ಅವರು 1990ರ ದಶಕದಲ್ಲಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಕೆಲಸ ಮಾಡುವ ಬಗೆಯನ್ನು ತಿಳಿಯಲು ಎಂಟಿಎ ಎಂಬ ಸಂಯುಕ್ತವನ್ನು ಅಧ್ಯಯನ ಮಾಡಿದರು. ಎಕ್ಸ್‌ಟಸಿ ಎಂಬ ಮಾದಕವಸ್ತು ಕೊಟ್ಟಾಗ ಒಂದು ನಿರ್ದಿಷ್ಟ ಲಿವರ್ ಒತ್ತುವಂತೆ ಪಳಗಿಸಿದ್ದ ಇಲಿಗಳು ಎಂಟಿಎ ಕೊಟ್ಟಾಗಲೂ ಅದೇ ಲಿವರ್ ಒತ್ತಿದವು. ವಿಜ್ಞಾನಿಗೆ ಅದೊಂದು ಫಲಿತಾಂಶ. ಲಾಭಕ್ಕಾಗಿ ಓದಿದವರಿಗೆ ಅದು ಎಕ್ಸ್‌ಟಸಿಯ ಬದಲಿಗೆ ಮಾರಬಹುದಾದ ವಸ್ತುವಿನ ಸುಳಿವಾಯಿತು. ಯುರೋಪಿನಲ್ಲಿ ಅದರ ಮಾತ್ರೆಗಳು ಮಾರಾಟವಾದವು, ಜನ ಸತ್ತರು. ಎಂಟಿಎ ಸೆರೊಟೋನಿನ್ ಹೊರಬರುವಂತೆ ಮಾಡುವುದಷ್ಟೇ ಅಲ್ಲ, ಅದನ್ನು ಒಡೆಯುವ ಕಿಣ್ವವನ್ನೂ ತಡೆಯುತ್ತದೆ. ಹಾಗಾಗಿ ಸೆರೊಟೋನಿನ್ ಅಪಾಯದ ಮಟ್ಟಕ್ಕೆ ಏರಬಲ್ಲದು. ಮನುಷ್ಯರಿಗೆ ಅದು ಸುರಕ್ಷಿತವೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. 2011ರಲ್ಲಿ ನಿಕೋಲ್ಸ್ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಈ ಸಂಕಟವನ್ನು ಬರೆದುಕೊಂಡರು. ಕ್ಲೆಮ್ಸನ್ ವಿಶ್ವವಿದ್ಯಾಲಯದ ಜಾನ್ ಹಫ್‌ಮನ್ ಅವರಿಗೂ ಇದೇ ಆಯಿತು: ಸರ್ಕಾರಿ ಅನುದಾನದ ಸಂಶೋಧನೆಯಲ್ಲಿ ಅವರು ತಯಾರಿಸಿದ್ದ ಜೆಡಬ್ಲ್ಯುಎಚ್-018 ಎಂಬ, ಗಾಂಜಾದಂಥ ಪರಿಣಾಮದ ಸಂಯುಕ್ತ, 2008ರ ಕೊನೆಯಲ್ಲಿ ಜರ್ಮನಿಯಲ್ಲಿ ‘ಸ್ಪೈಸ್’ ಹೆಸರಿನ ಗಿಡಮೂಲಿಕೆ ಪೊಟ್ಟಣಗಳಲ್ಲಿ ಪತ್ತೆಯಾಯಿತು.

ಆದರೂ ಪ್ರಕಟಣೆಯನ್ನು ನಿಲ್ಲಿಸಬೇಕೆಂಬ ಮಾತನ್ನು ನಾನು ಒಪ್ಪಲಾರೆ. ಪ್ರಕಟವಾದ ಪ್ರಬಂಧವೇ ದಾರಿ ತೋರಿದ ಉದಾಹರಣೆಯೂ ಇದೆ. 1982ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ, ಹೆರಾಯಿನ್ ಎಂದು ಮಾರಿದ ಪುಡಿಯನ್ನು ಚುಚ್ಚಿಕೊಂಡ ಕೆಲವರು ಮಾತಾಡಲಾಗದೆ, ಅಲುಗಾಡಲಾಗದೆ ಮರಗಟ್ಟಿದಂತೆ ಆಸ್ಪತ್ರೆ ಸೇರಿದರು. ಮುದುಕರಲ್ಲಿ ಕಾಣುವ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳು ಪ್ರಾಯದವರಲ್ಲಿ ಕಂಡದ್ದು ಡಾ. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತವರ ಸಹೋದ್ಯೋಗಿಗಳಿಗೆ ಒಗಟಾಗಿತ್ತು. ಸುಳಿವು ಸಿಕ್ಕಿದ್ದು 1979ರ ಒಂದು ಪ್ರಬಂಧದಲ್ಲಿ. 1947ರಲ್ಲಿ ಪ್ರಕಟವಾಗಿದ್ದ ನೋವುನಿವಾರಕ ಸಂಯುಕ್ತವೊಂದನ್ನು ತಾನೇ ತಯಾರಿಸಿ ಚುಚ್ಚಿಕೊಂಡು ಇದೇ ಸ್ಥಿತಿಗೆ ಬಂದಿದ್ದ ವಿದ್ಯಾರ್ಥಿಯೊಬ್ಬನ ಪ್ರಕರಣವನ್ನು ವೈದ್ಯರು ಅದರಲ್ಲಿ ದಾಖಲಿಸಿದ್ದರು. ಆ ಸಂಯುಕ್ತವನ್ನು ತಯಾರಿಸುವಾಗ ಹುಟ್ಟಿ ಪುಡಿಯಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ಕಲ್ಮಶವೇ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ಮೆದುಳಿನಲ್ಲಿ ತಯಾರಿಸುವ ಜೀವಕೋಶಗಳನ್ನು ಕೊಂದಿತ್ತು. ಮೆದುಳಿನಲ್ಲಿ ಡೋಪಮೈನ್ ಆಗುವ ಲೆವೊಡೋಪಾ ಔಷಧ ಕೊಟ್ಟಾಗ ರೋಗಿಗಳಿಗೆ ಚಲನೆ ಮರಳಿತು, ಹಾನಿ ಮಾತ್ರ ಉಳಿಯಿತು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲು ಸಂಶೋಧಕರು ಇಂದಿಗೂ ಅದೇ ಎಂಪಿಟಿಪಿಯನ್ನು ಬಳಸುತ್ತಾರೆ.