ಹುಲಿ ಕಾಣದಿದ್ದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ನೋಡಲು ಏನಿದೆ?

ಮಕ್ಕಳೊಂದಿಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೇವೆ, ಸಫಾರಿಯಲ್ಲಿ ಹುಲಿ ಸಿಗದಿದ್ದರೆ ದುಡ್ಡು ದಂಡವಲ್ಲವೇ ಎಂದು ಕೇಳಿದ್ದೀರಿ. ನಾನು ನಾಲ್ಕು ಸಲ ಹೋಗಿದ್ದೇನೆ. ಹುಲಿಯ ಹೆಜ್ಜೆ ಕಂಡಿದ್ದೇನೆ, ಹುಲಿಯನ್ನಲ್ಲ. ಐದನೆಯ ಸಲವೂ ಹೋಗುವವನಿದ್ದೇನೆ.

ಹುಲಿಯೇ ಬೇಕೆಂದರೆ ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ಕಡೆಗೆ ಹೋಗಿ. ಇಲ್ಲಿ ಕಣಿವೆ, ಪೊದೆ ಹೆಚ್ಚು. ಹತ್ತು ಮಾರಿನಾಚೆ ಆನೆ ನಿಂತಿದ್ದರೂ ತಿಳಿಯುವುದಿಲ್ಲ. 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತೆಂದು ಹುಲಿ ರಸ್ತೆಗೆ ಬಂದು ನಿಲ್ಲುತ್ತದೆಯೇ?

ನಿಮ್ಮ ಸಫಾರಿ ಯಳಂದೂರು ಬಿಟ್ಟು ಬೆಟ್ಟ ಹತ್ತುವಾಗಲೇ ಶುರುವಾಯಿತೆಂದುಕೊಳ್ಳಿ. ಮಕ್ಕಳನ್ನು ಕಿಟಕಿಯ ಪಕ್ಕ ಕೂರಿಸಿ. ಬುಡದಲ್ಲಿ ಮುಳ್ಳಿನ ಕುರುಚಲು, ಏರುತ್ತಾ ದಿಂಡಿಗ, ಮತ್ತಿ, ಹೊನ್ನೆ ಮರಗಳು; ಎತ್ತರದ ಸಾಲುಗಳಲ್ಲಿ ಹುಲ್ಲುಗಾವಲು, ಅದರ ಮಡಿಲಲ್ಲಿ ಕಪ್ಪಗೆ ಕಾಣುವ ಶೋಲಾ, ಅಂದರೆ ಕಣಿವೆಯ ನಿತ್ಯಹಸಿರು ಕಾಡು. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೈ ಹಿಡಿಯುವ ಜಾಗವಾದ್ದರಿಂದ ಇಷ್ಟು ಬಗೆ.

ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರೊಬ್ಬರನ್ನು ಊರಿನಲ್ಲಿ ಮಾತಾಡಿಸಲು ಮರೆಯಬೇಡಿ. ಬೆಟ್ಟದ ದೇವರು ರಂಗನಾಥ ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ತಮಗೆ ಭಾವ ಎನ್ನುತ್ತಾರೆ ಅವರು. ಕಳೆದ ಸಲ ಹಿರಿಯರೊಬ್ಬರು ನೆಲ್ಲಿ ಮರದ ಕೆಳಗೆ ನನ್ನನ್ನು ನಿಲ್ಲಿಸಿ, "ಒಂದೇ ಮರದಲ್ಲಿ ಎರಡು ಥರದ ಎಲೆ ಇದೆ, ನೋಡಿ ಸ್ವಾಮಿ" ಎಂದರು. ನೆಲ್ಲಿಯ ಸಣ್ಣ ಎಲೆಗಳ ನಡುವೆ ಅಗಲವಾದ ದಪ್ಪ ಎಲೆಯ ಗುಂಪೊಂದು ಕೊಂಬೆಗೆ ಅಂಟಿಕೊಂಡಿತ್ತು. ಅವರ ಮಾತಿನಲ್ಲಿ ಅದು 'ಉಪ್ಪಿಲು', ಮರದ ರಸ ಹೀರುವ ಬದನಿಕೆ. ಹಿಂದೆ ಸೋಲಿಗರು ಕಾಡಿನ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರಂತೆ, 'ತರಗು ಬೆಂಕಿ'. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಉಪ್ಪಿಲೂ, ಹೊರಗಿನಿಂದ ಬಂದ ಕಳೆಪೊದೆ ಲಂಟಾನವೂ ಹಬ್ಬಿದ್ದು ಆಮೇಲೆಯೇ ಎಂಬುದು ಅವರ ಲೆಕ್ಕ. ಅಲ್ಲಿಯವರೆಗೆ ರಸ್ತೆಯ ಎರಡೂ ಕಡೆ ಬಣ್ಣಬಣ್ಣದ ಲಂಟಾನ ಹೂ ನೋಡಿ ಚೆಂದವೆಂದುಕೊಂಡಿದ್ದವನು ನಾನೇ.

ಕಾಡಿನೊಳಗಿನ ಕ್ಯಾತದೇವರ ಗುಡಿ ಎಂಬ ಜಾಗದ ಸಫಾರಿಯನ್ನೂ ಬಿಡಬೇಡಿ. ಕಾಟಿ, ಕಡವೆ, ಜಿಂಕೆ ಸಿಗುವ ಸಂಭವ ಚೆನ್ನಾಗಿದೆ. ಮರದ ತುದಿಯನ್ನೂ ನೋಡುತ್ತಿರಿ: ಕೆಂದಳಿಲು ಎಂಬ ದೊಡ್ಡ ಅಳಿಲು ಹಿಂಗಾಲಿನಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ಜೋತುಬಿದ್ದು, ಮುಂಗೈಗಳಲ್ಲಿ ಕಾಯಿ ತಿರುಗಿಸುತ್ತಾ ತಿನ್ನುತ್ತದೆ. ನನ್ನ ಮಗಳು ಆನೆಯನ್ನು ಮರೆತಳು, ಇದನ್ನು ಮರೆತಿಲ್ಲ.

ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಸೋಲಿಗರಿಗೆ ದೇವರು. ಅಲ್ಲಿಗೆ ಹೋಗಬಹುದೇ ಎಂದು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ, ಬಿಡದಿದ್ದರೆ ವಾದಿಸಬೇಡಿ. ಸ್ವೆಟರ್ ಇರಲಿ. ಮರದ ತೊಗಟೆಯ ಮೇಲೆ ಬೂದುಬಣ್ಣದ ಸುರುಟು ಕಂಡರೆ ಮಕ್ಕಳಿಗೆ ತೋರಿಸಿ: ಮಸಾಲೆಗೆ ಹಾಕುವ ಕಲ್ಲುಹೂವು ಅದೇ. ಕೀಳಲು ಮಾತ್ರ ಬಿಡಬೇಡಿ.