ಆಟಿಸಂ ಇರೋ ಮಗೂನ ಮಾಮೂಲಿ ಸ್ಕೂಲಿಗೆ ಹಾಕ್ಬೋದಾ?

5 ವರ್ಷದ ಮಗಳಿಗೆ ಆಟಿಸಂ ಇದೆ, ನಾಲ್ಕ್ ಮಕ್ಳ ಜೊತೆ ಬಿಟ್ರೆ ತಾನೇ ಸರಿಹೋಗ್ತಾಳೆ ಅಂತ ಮನೇಲೆಲ್ಲಾ ಹೇಳ್ತಿದಾರೆ, ಮಾಮೂಲಿ ಸ್ಕೂಲಲ್ಲಿ ಅವಳ ಮನಸ್ಸು ಚೆನ್ನಾಗಿರತ್ತಾ ಅಂತ ಕೇಳಿದೀರ. ನಾವಿರೋದೂ ತುಮಕೂರೇ. ನನ್ ಮಗನಿಗೂ ಆಟಿಸಂ ಇದೆ, ಅವ್ನಿಗೀಗ 14, ಎರಡು ಸ್ಕೂಲ್ ನೋಡಿದೀವಿ.

ಎಲ್‌ಕೆಜಿಗೆ ದೊಡ್ಡ ಪ್ರೈವೇಟ್ ಸ್ಕೂಲಿಗೇ ಹಾಕಿದ್ವಿ. ಒಂದ್ ಸೆಕ್ಷನ್ನಿಗೆ ನಲವತ್ತರ ಮೇಲೆ ಮಕ್ಳು, ಮೈಕಲ್ಲಿ ಪ್ರೇಯರ್ರು, ಬೆಲ್ಲು. ಮಿಸ್ಸು ಪ್ರತಿ ಸಲ ಮೀಟಿಂಗಲ್ಲಿ "ತುಂಬಾ ಸೈಲೆಂಟ್ ಹುಡ್ಗ, ಏನೂ ತೊಂದ್ರೆ ಕೊಡಲ್ಲ" ಅನ್ನೋರು, ನಾವೂ ಖುಷಿಪಟ್ವಿ. ಆದ್ರೆ ಮನೆ ಬಾಗ್ಲಲ್ಲಿ ಶೂ ಬಿಚ್ತಿದ್ದಂಗೇ ಶುರುವಾಗೋದು, ಕಿರುಚೋದು, ಕೈ ಕಚ್ಕೊಳೋದು, ಗೋಡೆಗೆ ತಲೆ ಚಚ್ಕೊಳೋದು, ಒಂದೊಂದ್ಸಲ ಗಂಟೆಗಟ್ಲೆ. ನೀನೇ ಮುದ್ದು ಮಾಡಿ ಹಾಳ್ಮಾಡಿದೀಯ ಅಂತ ನಮ್ಮತ್ತೆ ಬೈಯೋರು. ಅದು ಹಠ ಅಲ್ಲ. ಬೆಳಗ್ಗೆಯಿಂದ ಗಲಾಟೆ, ವಾಸನೆ, ಜನ ಎಲ್ಲಾನೂ ಒಳಗೇ ತಡ್ಕೊಂಡು ತಡ್ಕೊಂಡು, ಸೇಫ್ ಅನ್ಸೋ ಜಾಗಕ್ ಬಂದ್ಮೇಲೆ ಒಡೆಯೋದು. ಹೀಗೆ ಒಳಗಿರೋದನ್ನ ಮುಚ್ಚಿಟ್ಕೊಳೋದಕ್ಕೆ ಮಾಸ್ಕಿಂಗ್ ಅಂತಾರೆ, ಹೆಣ್ಮಕ್ಳಲ್ಲಿ ಇದು ಇನ್ನೂ ಜಾಸ್ತಿ, ಹಂಗಾಗಿ ಸ್ಕೂಲಲ್ಲಿ ಸುಮ್ನಿದಾಳೆ ಅಂದ್ರೆ ಚೆನ್ನಾಗಿದಾಳೆ ಅಂತ ನಂಬ್ಬೇಡಿ. ಸಂಜೆ ಮನೇಲಿ ಹೆಂಗಿದಾಳೆ ನೋಡಿ, ಟಿಫನ್ ಬಾಕ್ಸ್ ತೆಗ್ದು ನೋಡಿ, ನಮ್ಮವನದು ಮೊಸರನ್ನ ಕಲಸಿ ಕಳ್ಸಿದಂಗೇ ವಾಪಸ್ ಬರೋದು.

ಎರಡನೇ ಕ್ಲಾಸಲ್ಲಿ ಒಂದಿನ ನಂಗೆ ನಾಲ್ಕ್ ಜನ ಫ್ರೆಂಡ್ಸ್ ಇದಾರೆ ಅಂದ. ನಂಗೆಷ್ಟು ಸಂತೋಷ ಆಯ್ತು ಅಂದ್ರೆ ಅವತ್ತು ಪಾಯಸ ಮಾಡ್ದೆ. ಆಮೇಲೆ ಆಯಾ ಹೇಳಿದ್ಲು, ಆ ಹುಡುಗ್ರು ಕಪ್ಪೆ ಥರ ಕುಪ್ಪಳಿಸು ಅಂತಾರೆ, ಇವ್ನು ಕುಪ್ಪಳಿಸ್ತಾನೆ, ಅವ್ರು ನಗ್ತಾರೆ, ಇವ್ನೂ ನಗ್ತಾನೆ ಅಂತ. ಆ ವರ್ಷಾನೇ ಬಿಡಿಸ್ಬಿಟ್ವಿ.

ಹಂಗಂತ ಮಾಮೂಲಿ ಸ್ಕೂಲೇ ಬೇಡ ಅಂತಲ್ಲ. ಮೂರನೇ ಕ್ಲಾಸಿಗೆ ಮನೆ ಹತ್ರದ ಗೌರ್ಮೆಂಟ್ ಸ್ಕೂಲಿಗೆ ಹಾಕಿದ್ವಿ, ಕ್ಲಾಸಲ್ಲಿ 18 ಮಕ್ಳು. ಅಲ್ಲಿನ ಮೇಷ್ಟ್ರಿಗೆ ಆಟಿಸಂ ಬಗ್ಗೆ ಏನೂ ಗೊತ್ತಿರ್ಲಿಲ್ಲ, ಆದ್ರೆ ಕೇಳಿಸ್ಕೊಂಡ್ರು. ಗಲಾಟೆ ಜಾಸ್ತಿ ಆದ್ರೆ ಕೇಳ್ದೇನೇ ಎದ್ದು ಹೋಗಿ ಲೈಬ್ರರಿ ರೂಮಲ್ಲಿ ಕೂರ್ಬೋದು ಅಂದ್ರು, ನಾಳೆ ಏನಾದ್ರೂ ಬದಲಾವಣೆ ಇದ್ರೆ ಇವತ್ತೇ ಬೋರ್ಡ್ ಮೇಲೆ ಬರೆಯೋರು. ಬಿಆರ್‌ಸಿಯಿಂದ, ಅಂದ್ರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ, ವಿಶೇಷ ಮಕ್ಳ ಟೀಚರ್ರು ಅವಾಗವಾಗ ಬಂದು ಹೇಳ್ಕೊಡೋರು. ಬಸ್ಸಿನ ಬೋರ್ಡು, ನಂಬರ್ರು ಅಂದ್ರೆ ಇವ್ನಿಗೆ ಪ್ರಾಣ, ಅದನ್ನ ಕೂತ್ಕೊಂಡು ಕೇಳೋ ಒಬ್ನೇ ಒಬ್ಬ ಹುಡ್ಗ ಸಿಕ್ದ. ಒಬ್ನೇ, ಆದ್ರೆ ನಿಜವಾದ ಫ್ರೆಂಡು. ಸಂಜೆ ಕಿರುಚಾಟ ಮೂರ್ನಾಲ್ಕ್ ತಿಂಗಳಲ್ಲಿ ಎಷ್ಟೋ ಕಮ್ಮಿ ಆಯ್ತು.

ಸ್ಪೆಷಲ್ ಸ್ಕೂಲು ಅಂದ್ರೆ ಸೋಲು ಅಂತಾನೂ ಅಂದ್ಕೋಬೇಡಿ. ನಮಗೆ ಗೊತ್ತಿರೋ ಒಂದು ಹುಡುಗಿ ಅಲ್ಲಿಗೆ ಹೋದ್ಮೇಲೇ ಬಾಯ್ಬಿಟ್ಟು ನಕ್ಕಿದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಆಟಿಸಂ ಇದೆ. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಇದ್ರೆ 6ರಿಂದ 18 ವರ್ಷದವರೆಗೆ ಹತ್ರದ ಸ್ಕೂಲಲ್ಲಾಗ್ಲಿ, ಬೇಕಂದ್ರೆ ಸ್ಪೆಷಲ್ ಸ್ಕೂಲಲ್ಲಾಗ್ಲಿ ಫ್ರೀಯಾಗಿ ಓದೋ ಹಕ್ಕಿದೆ. ಸರ್ಟಿಫಿಕೇಟು, ಯುಡಿಐಡಿ ಕಾರ್ಡು (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಇನ್ನೂ ಮಾಡ್ಸಿಲ್ಲ ಅಂದ್ರೆ ಮೊದ್ಲು ಮಾಡ್ಸಿ, ಎಸ್ಸೆಸ್ಸೆಲ್ಸಿ ಟೈಮಲ್ಲಿ ರಿಯಾಯ್ತಿ ಕೇಳೋಕೂ ದಾಖಲೆ ಬೇಕು.

ಅಡ್ಮಿಷನ್ ಮಾಡ್ಸೋಕ್ ಮುಂಚೆ ಆಫೀಸಲ್ಲಿ ಕೂತು ಮಾತಾಡಿ ಬಂದ್ರೆ ಸಾಲ್ದು. ಊಟದ ಬೆಲ್ ಹೊಡೆಯೋ ಟೈಮಿಗೆ ಮಗಳನ್ನೂ ಕರ್ಕೊಂಡು ಹೋಗಿ, ಒಂದ್ ಅರ್ಧ ಗಂಟೆ ಜಗಲಿ ಮೇಲೆ ಕೂತ್ಕೊಳ್ಳಿ. ಅವಳು ಕಿವಿ ಮುಚ್ಕೊಂಡ್ರೆ ಅಲ್ಲಿರೋ ಟೀಚರ್ ಏನ್ ಮಾಡ್ತಾರೆ ಅಂತ ನೋಡಿ.