ಎಷ್ಟು ಕಾಂಡ್ಲಾ ನೆಡಬೇಕು ಅನ್ನೋದು ಆಮೇಲೆ. ನೀರು ಹೊರಗೆ ಹೋಗುತ್ತಿದೆಯಾ ಅಂತ ಮೊದಲು ನೋಡಿ

ನದಿ ಸಮುದ್ರ ಸೇರುವ ಅಳಿವೆಯ ಮೇಲೆ ಸೇತುವೆ ಕಟ್ಟುವ ಕಂಪನಿಯಲ್ಲಿ ಪರಿಸರ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ, ಕಡಿಯುವ ಕಾಂಡ್ಲಾಕ್ಕೆ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬದಲಾಗಿ ಮೂರು ಪಟ್ಟು ಬೇರೆ ಕಡೆ ನೆಟ್ಟರೆ ಸಾಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಮೊದಲ ಸೈಟು ಕಣ್ಣ ಮುಂದೆ ಬಂತು. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದವನು.

ಉತ್ತರ ಕನ್ನಡದ ಒಂದು ನದಿ. ಹೆಸರು ಬೇಡ. ನದಿಯ ನಡುವೆ ಬಾರ್ಜ್ ಅನ್ನುವ ಚಪ್ಪಟೆ ದೋಣಿಯ ಮೇಲಿಂದ ಪೈಲಿಂಗ್, ಅಂದರೆ ಸೇತುವೆಯ ಅಡಿಪಾಯದ ಕಂಬಗಳನ್ನು ನೆಲಕ್ಕೆ ಇಳಿಸುವ ಕೆಲಸ, ನಡೆಯುತ್ತಿತ್ತು. ದಡದ ಹತ್ತಿರ ಆಳ ಇಲ್ಲ, ಬಾರ್ಜ್ ಬರುವುದಿಲ್ಲ, ಇಳಿತದಲ್ಲಿ ಬರೀ ಕೆಸರು. ಅಲ್ಲಿಗೆ ಪೈಲಿಂಗ್ ರಿಗ್ ಹೋಗಲಿ ಅಂತ ಗ್ರಾವೆಲ್ ಮಣ್ಣು ಸುರಿದು ತಾತ್ಕಾಲಿಕ ದಾರಿ ಮಾಡಿದೆವು. ಸೈಟಿನಲ್ಲಿ ಅದಕ್ಕೆ ಬಂಡು ಅಂತಿದ್ದರು. ಆ ಬಂಡು ಒಂದು ಸಣ್ಣ ಉಪ್ಪುನೀರಿನ ಹಳ್ಳದ ಬಾಯಿಗೆ ಅಡ್ಡ ಹಾಯುತ್ತಿತ್ತು. ಹಳ್ಳದ ಎರಡೂ ಕಡೆ ಕಾಂಡ್ಲಾ ಗಿಡ, ನಡುವೆ ಬಳಚು (ತಿನ್ನುವ ಚಿಪ್ಪುಜೀವಿ) ಸಿಗುವ ಕೆಸರು ಬಯಲು. ನೀರು ಆಚೆ ಈಚೆ ಹೋಗಲು ಬಂಡಿನ ಅಡಿಯಲ್ಲಿ ಎರಡು ಹ್ಯೂಮ್ ಪೈಪ್, ಅಂದರೆ ದೊಡ್ಡ ಕಾಂಕ್ರೀಟ್ ಪೈಪ್. ಆ ಪೈಪುಗಳನ್ನು ಯಾವ ಲೆವೆಲ್ಲಿಗೆ ಇಡಬೇಕು ಅಂತ ನೋಡಿ ಸಹಿ ಹಾಕಿದವನು ನಾನು.

ತಪ್ಪಾಗಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಈ ತಪ್ಪು ಯಾವ ಫೈಲಿನಲ್ಲೂ ಕಾಣುವುದಿಲ್ಲ.

ಉಬ್ಬರ ಇಳಿತದ ಪಟ್ಟಿ ಇರುತ್ತದಲ್ಲ, ದಿನಕ್ಕೆ ಎರಡು ಉಬ್ಬರ ಎರಡು ಇಳಿತ, ಎಷ್ಟು ಗಂಟೆಗೆ ಎಷ್ಟು ಮೀಟರ್ ಅಂತ ಕೊಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ಸೊನ್ನೆ ಅಂದರೆ ಚಾರ್ಟ್ ಡೇಟಮ್. ನೀರು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವಷ್ಟು ತಗ್ಗಿನ ಮಟ್ಟ ಅದು, ಹಡಗಿನವರಿಗಾಗಿ ಮಾಡಿದ್ದು. ನಮ್ಮ ಸೇತುವೆಯ ಡ್ರಾಯಿಂಗಿನಲ್ಲಿ ಸೊನ್ನೆ ಅಂದರೆ ಸಮುದ್ರದ ಸರಾಸರಿ ಮಟ್ಟ. ನಮ್ಮ ಕರಾವಳಿಯಲ್ಲಿ ಈ ಎರಡು ಸೊನ್ನೆಗಳ ನಡುವೆ ಸುಮಾರು ಒಂದು ಮೀಟರ್ ಅಂತರ ಇದೆ. ನಾನು ಪಟ್ಟಿಯಲ್ಲಿ ಇಳಿತ 0.3 ಅಂತ ನೋಡಿದೆ. ಡ್ರಾಯಿಂಗಿನಲ್ಲಿ ಪೈಪಿನ ತಳ 0.3 ಅಂತ ಇತ್ತು. ಎರಡೂ ಒಂದೇ ಅಂತ ಸಹಿ ಹಾಕಿದೆ. ಅಂದರೆ ಪೈಪಿನ ತಳ ಕೂತಿದ್ದು ಇಳಿತದ ನೀರಿಗಿಂತ ಹೆಚ್ಚುಕಡಿಮೆ ಒಂದು ಮೀಟರ್ ಮೇಲೆ. ಉಬ್ಬರದಲ್ಲಿ ನೀರು ಪೈಪಿನಲ್ಲಿ ಚೆನ್ನಾಗಿ ಒಳಗೆ ಹೋಗುತ್ತಿತ್ತು. ಇಳಿತದಲ್ಲಿ ಪೈಪಿನ ತಳದವರೆಗೆ ಬಂದು ನಿಂತುಬಿಡುತ್ತಿತ್ತು. ಅದರ ಕೆಳಗಿನ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಎಲೆ, ಪ್ಲಾಸ್ಟಿಕ್ ಕವರು ಬಂದು ಪೈಪಿನ ಬಾಯಿಗೆ ಕೂತ ಮೇಲೆ ಇನ್ನೂ ಸ್ವಲ್ಪ ಮೇಲೆ ನಿಂತಿತು.

ಒಂದು ಸಲ ಇಳಿತದ ಹೊತ್ತಿಗೆ ಹೋಗಿ ಬಂಡಿನ ಮೇಲೆ ನಿಂತಿದ್ದರೆ ಗೊತ್ತಾಗುತ್ತಿತ್ತು. ಒಂದು ಕಡೆ ಕೆಸರು, ಇನ್ನೊಂದು ಕಡೆ ಕೆರೆ. ಆದರೆ ನಾನು ಹೋಗುತ್ತಿದ್ದದ್ದು ಮೀಟಿಂಗ್ ಮುಗಿದ ಮೇಲೆ, ನನಗೆ ಬಿಡುವಾದಾಗ. ಪೈಪಿನಲ್ಲಿ ನೀರು ಹರಿಯುವುದು ಕಂಡರೆ ಫೋಟೋ ತೆಗೆದು ರಿಪೋರ್ಟಿಗೆ ಹಾಕುತ್ತಿದ್ದೆ. ಆ ಫೋಟೋಗಳೆಲ್ಲ ನೀರು ಒಳಗೆ ಬರುವಾಗಿನವು.

ನನಗೆ ಮೊದಲು ಹೇಳಿದ್ದು ಬಳಚು ಹೆಕ್ಕಲು ಬರುತ್ತಿದ್ದ ಒಬ್ಬ ಅಕ್ಕ. ಫೆಬ್ರವರಿಯಲ್ಲಿ ಒಂದು ದಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂಡಿನ ಮೇಲೆ ಬಂದು "ನೀರು ಸತ್ತೋಯ್ತು ತಮಾ" ಅಂದರು. ನಾನು ಪೈಪ್ ತೋರಿಸಿ "ಇಲ್ಲ ಅಕ್ಕ, ನೀರು ಓಡಾಡ್ತಾ ಇದೆ ನೋಡಿ" ಅಂದೆ. ಅವರು ಮಾತಾಡಲಿಲ್ಲ. ಕೆಳಗಿಳಿದು ಒಂದು ಮುಷ್ಟಿ ಕೆಸರು ತಂದು ನನ್ನ ಮುಂದೆ ಹಿಡಿದರು. ಮೇಲೆ ಬೂದು ಬಣ್ಣ, ಒಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅದರಲ್ಲಿ ಮೂರ್ನಾಲ್ಕು ಬಳಚು ಇದ್ದವು, ಎಲ್ಲವೂ ಬಾಯಿ ಬಿಟ್ಟುಕೊಂಡು. ಜೀವ ಇರುವ ಬಳಚು ಮುಟ್ಟಿದರೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಇವು ಮುಚ್ಚಿಕೊಳ್ಳಲಿಲ್ಲ.

ಆಗಲೂ ನನಗೆ ಲೆವೆಲ್ಲಿನ ತಪ್ಪು ಹೊಳೆಯಲಿಲ್ಲ. ಪೈಪ್ ಕ್ಲೀನ್ ಮಾಡಿಸಿದೆ, ಅಷ್ಟೇ. ಏಪ್ರಿಲ್ ಹೊತ್ತಿಗೆ ಹಳ್ಳದ ಅಂಚಿನ ಗಿಡಗಳ ಎಲೆ ಹಳದಿಯಾಯಿತು. ಆ ಗಿಡಗಳ ಬುಡದಲ್ಲಿ ಕೆಸರಿನಿಂದ ಪೆನ್ಸಿಲಿನ ಹಾಗೆ ಮೇಲೆದ್ದು ನಿಂತ ಬೇರುಗಳಿರುತ್ತವೆ, ನೋಡಿರುತ್ತೀರಿ. ಗಿಡ ಉಸಿರಾಡುವುದು ಅವುಗಳಿಂದ. ಇಳಿತದಲ್ಲಿ ಅವು ಗಾಳಿಗೆ ತೆರೆದುಕೊಳ್ಳಬೇಕು. ನಮ್ಮ ಬಂಡಿನ ಹಿಂದೆ ಅವು ತಿಂಗಳುಗಟ್ಟಲೆ ನೀರಿನಲ್ಲೇ ಮುಳುಗಿದ್ದವು. ನಾವು ಕೊಡಲಿ ಹಾಕಿದ ಗಿಡಗಳಿಗಿಂತ ಹೀಗೆ ಉಸಿರುಕಟ್ಟಿ ಒಣಗಿದವೇ ಜಾಸ್ತಿ. ಕಡಿದ ಗಿಡಗಳ ಲೆಕ್ಕ ಇತ್ತು. ಇವುಗಳ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ.

ಸರ್ವೆಯ ಹುಡುಗನೊಬ್ಬ ಬೇರೆ ಕೆಲಸಕ್ಕೆ ಲೆವೆಲ್ ತೆಗೆಯುವಾಗ ಹಿಡಿದು ಹೇಳಿದ ಮೇಲೆ ಮೇ ತಿಂಗಳಲ್ಲಿ ಬಂಡು ಒಡೆಸಿದೆವು. ಆ ಮಣ್ಣು ಪೂರ್ತಿ ವಾಪಸ್ ಬರಲಿಲ್ಲ. ಉಳಿದದ್ದನ್ನು ಜೂನಿನ ಮಳೆ ಕೆಸರು ಬಯಲಿನ ಮೇಲೆ ಹರಡಿತು.

ಆಮೇಲೆ ಬದಲಿ ಗಿಡ ನೆಟ್ಟೆವು. ಎಲ್ಲಿ ಗೊತ್ತಾ? ಮೇಲ್ಗಡೆ ಇನ್ನೊಂದು ಕೆಸರು ಬಯಲಿನಲ್ಲಿ. "ಖಾಲಿ ಜಾಗ" ಅಂತ ಬರೆದುಕೊಂಡಿದ್ದೆವು. ಅದು ಖಾಲಿ ಇರಲಿಲ್ಲ. ಅಲ್ಲೂ ಬಳಚು ಇತ್ತು, ಚಳಿಗಾಲದಲ್ಲಿ ದೂರದಿಂದ ಬರುವ ಉದ್ದ ಕೊಕ್ಕಿನ ಹಕ್ಕಿಗಳು ಮೇಯುತ್ತಿದ್ದದ್ದು ಅಲ್ಲೇ. ಸಾಲಾಗಿ ಕಾಂಡ್ಲಾ ಕೋಡು (ಮೊಳಕೆಯೊಡೆದ ಉದ್ದನೆಯ ಬೀಜ) ಚುಚ್ಚಿ ಅದನ್ನೂ ಹಾಳು ಮಾಡಿದೆವು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಮೂರು ಪಟ್ಟು ಅಂತ ಇರುವುದು ನಿಜ, ಅದನ್ನು ಮಾಡಲೇಬೇಕು, ಕಾನೂನು. ಆದರೆ ಅದು ನಾಶ ಆದ ಮೇಲಿನ ಮಾತು. ಈಗ ನಿಮ್ಮ ಕೈಯಲ್ಲಿರುವುದು ಕೆಲಸ ನಡೆಯುವ ಎರಡು ಮೂರು ವರ್ಷ. ಇರುವುದು ಸಾಯದ ಹಾಗೆ ನೋಡಿಕೊಳ್ಳುವುದೇ ನಿಮ್ಮ ಕೆಲಸ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮುಂಬೈಯ ಅಟಲ್ ಸೇತು ನೋಡಿ. ಒಟ್ಟು 21.8 ಕಿಲೋಮೀಟರ್, ಅದರಲ್ಲಿ ಸುಮಾರು 16.5 ಸಮುದ್ರದ ಮೇಲೆ, 2024ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯಿತು. ಅದು ಹೊರಡುವುದೇ ಶಿವಡಿಯ ಕೆಸರು ಬಯಲಿನಿಂದ, ಫ್ಲೆಮಿಂಗೊಗಳು ಬರುವ ಜಾಗ. ಅಲ್ಲಿ ಪೈಲ್ ಬಡಿಯುವ ಬದಲು ಸದ್ದು ಕಡಿಮೆ ಇರುವ ಕೊರೆಯುವ ವಿಧಾನ ಬಳಸಿದರು, ಶಬ್ದ ತಡೆಯುವ ಗೋಡೆ ಹಾಕಿದರು. ಕೆಲವು ಕಡೆ ಉಕ್ಕಿನ ಡೆಕ್ (ರಸ್ತೆ ಹೊರುವ ಹಾಸು) ಹಾಕಿದ್ದರಿಂದ ಕಂಬದಿಂದ ಕಂಬಕ್ಕೆ 180 ಮೀಟರ್‌ವರೆಗೆ ಅಂತರ ಸಿಕ್ಕಿತು. ಕಂಬ ಕಡಿಮೆಯಾದಷ್ಟು ನೀರಿನ ತಳ ಕೆದಕುವುದೂ ಕಡಿಮೆ. ಎಲ್ಲ ಸರಿಯಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಇವೆಲ್ಲ ಗಿಡ ನೆಡುವುದಕ್ಕಿಂತ ಮುಂಚಿನ ತೀರ್ಮಾನಗಳು, ಅದನ್ನು ಗಮನಿಸಿ.

ನಿಮ್ಮಲ್ಲಿ ಬಂಡು ಹಾಕುವ ಮಾತು ಬಂದರೆ ಮೊದಲು ಬೇಡ ಅನ್ನಿ. ಕಂಬಗಳ ಮೇಲೆ ನಿಲ್ಲುವ ಸ್ಟೀಲ್ ಟ್ರೆಸಲ್, ಅಂದರೆ ತಾತ್ಕಾಲಿಕ ಸೇತುವೆ, ಕೇಳಿ. ಖರ್ಚು ಜಾಸ್ತಿ ಅಂತಾರೆ, ನಿಜ. ಆದರೆ ಬಂಡಿನ ಲೆಕ್ಕದಲ್ಲಿ ಮಣ್ಣು ವಾಪಸ್ ತೆಗೆಯುವ ಖರ್ಚನ್ನು ಯಾರೂ ಸೇರಿಸಿರುವುದಿಲ್ಲ, ಅದನ್ನು ಸೇರಿಸಿ ಎದುರಿಗಿಡಿ. ಬಂಡೇ ಆಗಬೇಕು ಅಂದರೆ ಹಳ್ಳದ ಬಾಯಿಯಲ್ಲಿ ಪೈಪ್ ಒಪ್ಪಬೇಡಿ, ತಳದವರೆಗೂ ತೆರೆದಿಟ್ಟು ಮೇಲೆ ಗರ್ಡರ್ (ಉದ್ದನೆಯ ತೊಲೆ) ಹಾಸಲಿ. ಮಳೆಗಾಲಕ್ಕೆ ಮುಂಚೆ ಪೂರ್ತಿ ತೆಗೆಯುವುದು ಒಪ್ಪಂದದಲ್ಲೇ ಇರಲಿ. ಹತ್ತಿರ ಕಡಲಾಮೆ ಮೊಟ್ಟೆ ಇಡುವ ಮರಳ ದಂಡೆ ಇದ್ದರೆ ರಾತ್ರಿಯ ಫ್ಲಡ್‌ಲೈಟ್ ದಂಡೆಯ ಕಡೆ ತಿರುಗದಿರಲಿ, ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಮುಂದಿನ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂರಿ, ನೀರು ಏರಿ ಇಳಿದು ಮತ್ತೆ ಏರುವವರೆಗೆ. ಸುಮಾರು ಹನ್ನೆರಡೂವರೆ ಗಂಟೆ ಬೇಕು. ಒಂದು ಕೋಲು ನೆಟ್ಟು ನೀರು ಎಲ್ಲಿಗೆ ಬಂತು ಅಂತ ಗುರುತು ಮಾಡಿ, ಸರ್ವೆಯವರಿಂದ ಆ ಗುರುತುಗಳ ಲೆವೆಲ್ ತೆಗೆಸಿ. ಬಳಚು ಹೆಕ್ಕಲು ಬರುವವರ ಹತ್ತಿರ ಮಾತಾಡಿ. ಆ ಲೆವೆಲ್ಲುಗಳನ್ನೂ ಡ್ರಾಯಿಂಗಿನ ಲೆವೆಲ್ಲುಗಳನ್ನೂ ಇಲ್ಲಿ ಕೆಳಗೆ ಹಾಕಿ, ಯಾವ ಸೊನ್ನೆಯಿಂದ ಅಳೆದದ್ದು ಅಂತ ಮರೆಯದೆ ಬರೆಯಿರಿ. ನಾನು ಕೂತು ನೋಡಿ ಹೇಳುತ್ತೇನೆ.